ಬಿ. ಎಲ್. ರೈಸ್ ಮತ್ತು ನಮ್ಮ ಸೀಮೆಯ ಶಿಲಾಲೇಖಗಳು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಹಳೆಯ ಊರುಗಳಿಗೆ ಹೋದರೆ ಕೆರೆಯ ಏರಿಯ ಮೇಲೋ, ತೂಬಿನ ಬಳಿಯೋ, ಪಾಳುಬಿದ್ದ ಗುಡಿಯ ಅಂಗಳದಲ್ಲೋ ಅಕ್ಷರ ಕೆತ್ತಿದ ಕಲ್ಲೊಂದು ಕಣ್ಣಿಗೆ ಬೀಳುವುದುಂಟು. ಊರಿನವರನ್ನು ವಿಚಾರಿಸಿದರೆ ಕೆಲವರು ಅದನ್ನು ದೇವರ ಕಲ್ಲೆನ್ನುತ್ತಾರೆ. ಕೆಲವರು ನಿಧಿಯ ಗುರುತೆನ್ನುತ್ತಾರೆ. ನಿಧಿಯ ಆಸೆಯಿಂದ ಅದರ ಬುಡವನ್ನು ಅಗೆದು ಕಲ್ಲನ್ನೇ ಉರುಳಿಸಿದವರೂ ಇದ್ದಾರೆ. ಓದಬಲ್ಲವನಿಗೆ ಮಾತ್ರ ಅದು ಒಂದು ದಾಖಲೆ: ಯಾರೋ ಒಬ್ಬರು ಒಂದು ದಿನ ಇನ್ನೊಬ್ಬರಿಗೆ ಏನನ್ನೋ ಕೊಟ್ಟರು, ಅದಕ್ಕೆ ಇಂಥವರು ಸಾಕ್ಷಿ, ಇದನ್ನು ಕೆಡಿಸಿದವನಿಗೆ ಇಂಥ ಪಾಪ ಎಂಬ ಒಕ್ಕಣೆ. ರಾಜರ ಅರಮನೆಗಳ ಕಡತಗಳೆಲ್ಲ ಹಾಳಾಗಿ ಹೋದ ನಮ್ಮ ನಾಡಿನಲ್ಲಿ ಈ ಕಲ್ಲುಗಳೇ ಉಳಿದಿರುವ ಕಚೇರಿ, ಇವೇ ದಫ್ತರ.

ಈ ಚದುರಿದ ದಫ್ತರವನ್ನು ಊರೂರು ತಿರುಗಿ ಪಟ್ಟಿಮಾಡಿ, ಓದಿಸಿ, ಅಚ್ಚು ಹಾಕಿಸಿ, ಯಾರು ಬೇಕಾದರೂ ತೆರೆದು ನೋಡುವಂತೆ ಮಾಡಿಟ್ಟವರು ಬೆಂಜಮಿನ್ ಲೂಯಿಸ್ ರೈಸ್ ಅವರು. ಆಂಗ್ಲ ಮನೆತನದಲ್ಲಿ ಹುಟ್ಟಿದ ಈ ಮಹನೀಯರು ವೃತ್ತಿಯಿಂದ ಮೊದಲು ಅಧ್ಯಾಪಕರು, ಅನಂತರ ಶಾಲೆಗಳ ಇನ್ಸ್‌ಪೆಕ್ಟರು. ಇತಿಹಾಸ ಅವರಿಗೆ ಶಾಲೆಯ ದಾರಿಯಲ್ಲಿ ಸಿಕ್ಕಿದ ವಿದ್ಯೆ. ವಿದ್ಯಾಸಂಸ್ಥೆಯೊಂದರ ಸಂಚಿಕೆಯಲ್ಲಿ ಅವರನ್ನು ಸ್ಮರಿಸುವುದಕ್ಕೆ ಇದೊಂದೇ ಕಾರಣ ಸಾಕಾದೀತು. ಆದರೆ ನಮ್ಮ ಸೀಮೆಯವರಿಗೆ ಇನ್ನೂ ಹತ್ತಿರದ ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ.

ರೈಸ್ ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರ ಜುಲೈ 17ರಂದು. ತಂದೆ ರೆವರೆಂಡ್ ಬೆಂಜಮಿನ್ ಹೋಲ್ಟ್ ರೈಸ್ ಅವರು ಲಂಡನ್ ಮಿಷನ್ನಿನ ಪಾದ್ರಿಗಳು, ಕನ್ನಡವನ್ನು ಚೆನ್ನಾಗಿ ಬಲ್ಲವರು; ಐವತ್ತು ವರ್ಷಗಳ ಕಾಲ ಇದೇ ನಾಡಿನಲ್ಲಿ ದುಡಿದವರು. 1915ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯ ಚರಿತ್ರೆಯನ್ನು ಪ್ರಕಟಿಸಿದ ಇ. ಪಿ. ರೈಸ್ ಅವರು ಇದೇ ತಂದೆಯ ಇನ್ನೊಬ್ಬ ಮಗ. ಹೀಗೆ ಮನೆಯಲ್ಲಿಯೇ ಕನ್ನಡದ ಧ್ವನಿ ಕಿವಿಗೆ ಬಿದ್ದು ಬೆಳೆದ ಬಾಲಕ, ವಿದ್ಯಾಭ್ಯಾಸಕ್ಕೆಂದು ಇಂಗ್ಲೆಂಡಿಗೆ ಹೋಗಿ 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾಗಿ ಹಿಂದಿರುಗಿದರು. 1858ರಲ್ಲಿ ಸ್ಥಾಪಿತವಾಗಿದ್ದ ಈ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜಾಯಿತು. 1865ರಲ್ಲಿ ರೈಸ್ ಅವರು ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರಾದರು.

ಆಗ ನಮ್ಮ ಹಳ್ಳಿಗಳಲ್ಲಿ ಸರ್ಕಾರಿ ಶಾಲೆಗಳು ಬೆರಳೆಣಿಕೆಯಷ್ಟು. ಓದು ಬರಹ ನಡೆಯುತ್ತಿದ್ದುದು ಕೂಲಿಮಠಗಳಲ್ಲಿ. ಐಗಳು ಜಗಲಿಯ ಮೇಲೆ ಕುಳಿತು ಮರಳಿನಲ್ಲಿ ಅಕ್ಷರ ತಿದ್ದಿಸುತ್ತಿದ್ದ ಕಾಲವದು. 1868ರಲ್ಲಿ ವಿದ್ಯಾ ಇಲಾಖೆಯ ಹೊಣೆಯನ್ನು ತಾತ್ಕಾಲಿಕವಾಗಿ ಹೊತ್ತಿದ್ದ ರೈಸ್ ಅವರು ಹೋಬಳಿಗೊಂದು ಶಾಲೆ ಇರಬೇಕೆಂಬ ಯೋಜನೆಯನ್ನು ಸಿದ್ಧಪಡಿಸಿದರು. ಪಟ್ಟಣಗಳಲ್ಲಿ ಇಂಗ್ಲಿಷ್ ಕಲಿಸಿದರೆ ವಿದ್ಯೆ ತಾನಾಗಿ ಹಳ್ಳಿಗೆ ಇಳಿದುಬರುತ್ತದೆಂದು ನಂಬಿದ್ದ ಅಧಿಕಾರಿವರ್ಗದ ನಡುವೆ, ಹಳ್ಳಿಯ ಮಗುವಿಗೆ ಹಳ್ಳಿಯಲ್ಲೇ ಕನ್ನಡದಲ್ಲಿ ಪಾಠ ಹೇಳಬೇಕೆಂದು ಯೋಚಿಸಿದ್ದು ಸಣ್ಣ ಮಾತಲ್ಲ. ರೈಸ್ ಅವರ ಶಾಸನಕಾರ್ಯವನ್ನು ಕೊಂಡಾಡುವವರು ಈ ಹೋಬಳಿ ಶಾಲೆಗಳನ್ನು ಮರೆಯುವುದೇ ಹೆಚ್ಚು. ಮುಂದೆ ಅವರು ಇಲಾಖೆಯ ನಿರ್ದೇಶಕರಾದರು. 1882ರ ಪ್ರಸಿದ್ಧ ಹಂಟರ್ ವಿದ್ಯಾ ಆಯೋಗಕ್ಕೆ ಕಾರ್ಯದರ್ಶಿಯಾಗಿಯೂ ಕೆಲಸ ಮಾಡಿದರು.

ಶಾಲೆಗಳ ತನಿಖೆ ಎಂದರೆ ಅಂದು ಕುದುರೆಯ ಮೇಲೆ ವಾರಗಟ್ಟಲೆ ಸಂಚಾರ, ಊರಾಚೆಯ ತೋಪಿನಲ್ಲಿ ಡೇರೆ. ಹೋದಲ್ಲೆಲ್ಲ ಕಲ್ಲುಗಳು, ಕಲ್ಲುಗಳ ಮೇಲೆ ಯಾರೂ ಓದಲಾರದ ಅಕ್ಷರಗಳು. 1865ರ ಹೊತ್ತಿಗೆ ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಮೈಸೂರು ಸೀಮೆಯ ಹಲವು ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಆ ಚಿತ್ರಗಳನ್ನು ಓದಿ ಅನುವಾದಿಸುವ ಕೆಲಸ ರೈಸ್ ಅವರ ಪಾಲಿಗೆ ಬಂದು, ಅದರ ಫಲವಾಗಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಎಂಬ ಗ್ರಂಥ 1879ರಲ್ಲಿ ಹೊರಬಿದ್ದಿತು. ಅದಕ್ಕೆ ಮೊದಲೇ, 1876ರಿಂದ 1878ರ ಅವಧಿಯಲ್ಲಿ, ಅವರು ರಚಿಸಿದ ಮೈಸೂರು ಮತ್ತು ಕೊಡಗಿನ ಗ್ಯಾಸೆಟಿಯರ್ ಮೂರು ಸಂಪುಟಗಳಲ್ಲಿ ಪ್ರಕಟವಾಗಿತ್ತು.

ಈ ಗ್ಯಾಸೆಟಿಯರಿನ ವಿಷಯದಲ್ಲಿ ಒಂದು ಮಾತು. ಅದು ಅಚ್ಚಾಗುತ್ತಿದ್ದ ವರ್ಷಗಳೇ ಮೈಸೂರು ಸೀಮೆಯನ್ನು ನಡುಗಿಸಿದ ಮಹಾಕ್ಷಾಮದ ವರ್ಷಗಳು. ಕೋಲಾರ ಜಿಲ್ಲೆ ಆ ಕ್ಷಾಮದಲ್ಲಿ ಬಹಳವಾಗಿ ನೊಂದಿತು, ಊರುಗಳೇ ಬರಿದಾದವು. ಆದರೆ ಗ್ರಂಥದಲ್ಲಿರುವ ಜನಸಂಖ್ಯೆಯ ಅಂಕಿಗಳು 1871ರ ಜನಗಣತಿಯವು. ಹೀಗಾಗಿ ಅಲ್ಲಿ ನಾವು ಕಾಣುವುದು ಕ್ಷಾಮಕ್ಕೆ ಮುಂಚಿನ ನಮ್ಮ ಊರುಗಳನ್ನು. ಬಯಸದೆ ದೊರೆತ ಸಾಕ್ಷ್ಯವಿದು. 1897ರ ಪರಿಷ್ಕೃತ ಗ್ಯಾಸೆಟಿಯರಿನೊಡನೆ ಅದನ್ನು ಹೋಲಿಸಿ ನೋಡುವ ಉಪಾಧ್ಯಾಯರಿಗೆ ಒಂದು ತಲೆಮಾರಿನ ಏರಿಳಿತಗಳು ತಿಳಿದುಬರುತ್ತವೆ. ಇಂದಿನ ಚಿಂತಾಮಣಿ ತಾಲ್ಲೂಕು ಹಿಂದೆ ಅಂಬಾಜಿದುರ್ಗ ತಾಲ್ಲೂಕೆಂದು ಕರೆಸಿಕೊಳ್ಳುತ್ತಿತ್ತೆಂಬುದು, ಚಿಂತಾಮಣಿ ಪಟ್ಟಣಕ್ಕೆ ಆ ಹೆಸರು ಬಂದದ್ದು ಚಿಂತಾಮಣಿರಾವ್ ಎಂಬ ಮರಾಠಾ ಮುಖಂಡನಿಂದ ಎಂಬುದು, ಚಿಕ್ಕಬಳ್ಳಾಪುರದ ಪಾಳೆಯಗಾರರ ಮೂಲಪುರುಷರಾದ ಅವತಿಯ ಮೊರಸು ಒಕ್ಕಲ ಗೌಡರು ಕಂಚಿಯ ಕಡೆಯಿಂದ ವಲಸೆ ಬಂದರೆಂಬ ಐತಿಹ್ಯ, ಇವೆಲ್ಲ ಅಲ್ಲಿ ಬರಹಕ್ಕಿಳಿದಿವೆ. ಐತಿಹ್ಯವನ್ನು ಚರಿತ್ರೆಯೆಂದು ಒಪ್ಪಬೇಕಾಗಿಲ್ಲ. ಆದರೆ ಹೇಳುವವರು ತೀರಿಕೊಳ್ಳುವ ಮುನ್ನ ಬರೆದಿಟ್ಟದ್ದು ಉಪಕಾರವೇ ಸರಿ.

1885ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪ್ರಾಕ್ತನ ವಿಮರ್ಶೆಯ ಇಲಾಖೆ ಆರಂಭವಾದಾಗ ಅದರ ಹೊಣೆ ರೈಸ್ ಅವರಿಗೇ ಬಂದಿತು. 1890ರಿಂದ ಅವರು ಅದರ ಪೂರ್ಣಾವಧಿಯ ನಿರ್ದೇಶಕರು. 1906ರಲ್ಲಿ ನಿವೃತ್ತರಾಗುವವರೆಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಮಾಲೆಯ ಹನ್ನೆರಡು ಸಂಪುಟಗಳನ್ನು ಅವರು ಹೊರತಂದರು. 1886ರಲ್ಲಿ ಕೊಡಗು, 1889ರಲ್ಲಿ ಶ್ರವಣಬೆಳಗೊಳ, ಅನಂತರ ಒಂದೊಂದಾಗಿ ಸಂಸ್ಥಾನದ ಎಲ್ಲ ಜಿಲ್ಲೆಗಳು. ಒಟ್ಟು ಸುಮಾರು 9,000 ಶಾಸನಗಳು. ಹತ್ತನೆಯ ಸಂಪುಟವೇ ಕೋಲಾರ ಜಿಲ್ಲೆಯದು; ಪ್ರಕಟವಾದದ್ದು 1905ರಲ್ಲಿ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಆದುದರಿಂದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ ಪ್ರದೇಶಗಳ ಶಾಸನಗಳನ್ನು ಹುಡುಕುವವರು ಇಂದಿಗೂ ಕೋಲಾರದ ಸಂಪುಟವನ್ನೇ ತೆರೆಯಬೇಕು.

ಕೆಲಸದ ಕ್ರಮವನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಮೊದಲು ಕಲ್ಲನ್ನು ತೊಳೆದು, ಅಕ್ಷರಗಳ ಗೆರೆಗಳಲ್ಲಿ ಕೂತ ಮಣ್ಣು, ಹಾವಸೆ, ಸುಣ್ಣವನ್ನು ಕುಂಚದಿಂದ ತೆಗೆಯಬೇಕು. ನೆನೆಸಿದ ಕಾಗದವನ್ನು ಕಲ್ಲಿಗೆ ಹಚ್ಚಿ, ಅದು ಅಕ್ಷರದ ಕುಳಿಗಳೊಳಗೆ ಇಳಿಯುವಂತೆ ಕುಂಚದಿಂದ ಸಮನಾಗಿ ಬಡಿಯಬೇಕು. ಅನಂತರ ಮೇಲೆ ಮಸಿಯ ಉಂಡೆಯನ್ನು ತಟ್ಟಿದರೆ ಕುಳಿಯಲ್ಲಿರುವ ಅಕ್ಷರ ಬಿಳಿಯದಾಗಿಯೇ ಉಳಿದು ಸುತ್ತಲಿನ ಬಯಲು ಕಪ್ಪಾಗುತ್ತದೆ. ಇದೇ ಪಡಿಯಚ್ಚು. ಬಿಸಿಲು ಹೆಚ್ಚಾದರೆ ಕಾಗದ ಬೇಗ ಒಣಗಿ ಕಳಚಿಕೊಳ್ಳುತ್ತದೆ. ಗಾಳಿ ಬಂದರೆ ಹರಿಯುತ್ತದೆ. ಹೊಲದ ನಡುವೆ ನಿಂತು ಇದನ್ನು ಮಾಡಿದವರಿಗೇ ಅದರ ಕಷ್ಟ ಗೊತ್ತು. ಅಚ್ಚು ತೆಗೆದ ಮೇಲೆ ಓದುವುದು, ಹಳಗನ್ನಡವನ್ನು ಬಿಡಿಸುವುದು, ಶಕವರ್ಷ, ಸಂವತ್ಸರ, ತಿಥಿಗಳನ್ನು ತಾಳೆ ನೋಡುವುದು.

ಸಂಪುಟದಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟಿದೆ. ಮೂಲವು ಆಯಾ ಲಿಪಿಯಲ್ಲಿದೆ. ಅದೇ ಪಾಠ ರೋಮನ್ ಲಿಪಿಯಲ್ಲಿಯೂ ಇದೆ. ಜೊತೆಗೆ ಇಂಗ್ಲಿಷ್ ಅನುವಾದವೂ ಉಂಟು. ಹನ್ನೊಂದನೆಯ ಶತಮಾನದಲ್ಲಿ ಚೋಳರು ಈ ಸೀಮೆಯನ್ನು ಆಳಿದ್ದರಿಂದ ಕೋಲಾರದ ಸಂಪುಟದಲ್ಲಿ ತಮಿಳು ಶಾಸನಗಳೂ ಬಹಳ, ತೆಲುಗಿನವೂ ಉಂಟು. ಗಡಿಸೀಮೆಯವರಾದ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ, ನಮ್ಮ ಸಂತೆಗಳಲ್ಲಿ ಇಂದಿಗೂ ಎರಡು ಮೂರು ಭಾಷೆಗಳು ಕೇಳಿಬರುತ್ತವೆ.

ಈಗ ಮೊದಲು ಹೇಳಿದ ಹತ್ತಿರದ ಕಾರಣಕ್ಕೆ ಬರುತ್ತೇನೆ. ಈ ಸಂಪುಟದಲ್ಲಿ ಗೌರಿಬಿದನೂರು ತಾಲ್ಲೂಕಿನ 6ನೆಯ ಸಂಖ್ಯೆಯ ಶಾಸನವೊಂದಿದೆ. ಕಾಲ ಕ್ರಿ.ಶ. 1388. ವಿಜಯನಗರದ ಹರಿಹರರಾಯನ ಮಗ ಪ್ರತಾಪ ಬುಕ್ಕರಾಯನು ಪೆನುಗೊಂಡೆಯಲ್ಲಿದ್ದಾಗ, ಜಲಸೂತ್ರದಲ್ಲಿ ನಿಪುಣನಾದ ಸಿಂಗಾಯಭಟ್ಟನಿಗೆ ಹೆನ್ನೆಯ ಹೊಳೆಯನ್ನು ಪೆನುಗೊಂಡೆಗೆ ತರಬೇಕೆಂದು ಅಪ್ಪಣೆ ಕೊಟ್ಟನು. ಸಿಂಗಾಯಭಟ್ಟನು ಕಾಲುವೆಯನ್ನು ತೆಗೆದು ಸಿರುವೆರದ ಕೆರೆಗೆ ನೀರು ಹರಿಸಿ, ಆ ಕಾಲುವೆಗೆ ಅರಸನ ಹೆಸರನ್ನೇ ಇಟ್ಟನು. ಪ್ರಜೆಗಳು ಸುಖವಾಗಿರಲೆಂದು ಈ ಕೆಲಸ ನಡೆಯಿತೆಂಬುದೂ, ನೀರೇ ಜೀವಿಗಳ ಪ್ರಾಣವೆಂಬ ಭಾವವೂ ಆ ಕಲ್ಲಿನಲ್ಲಿಯೇ ಇವೆ.

ಹೆನ್ನೆಯ ಹೊಳೆ ಎಂದರೆ ಗೌರಿಬಿದನೂರನ್ನು ಮುಟ್ಟಿ ಹರಿಯುವ ಉತ್ತರ ಪಿನಾಕಿನಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಈ ಹೊಳೆಯ ಪಾತ್ರದಲ್ಲಿ ಇಂದು ವರ್ಷದ ಬಹುಭಾಗ ಮರಳು ಮಾತ್ರ. ಬೆಂಗಳೂರಿನ ಹೆಬ್ಬಾಳ, ನಾಗವಾರದ ಕಡೆಯ ಸಂಸ್ಕರಿಸಿದ ನೀರನ್ನು ಕೊಳವೆಗಳಲ್ಲಿ ತಂದು ನಮ್ಮ ಜಿಲ್ಲೆಯ ಕೆರೆಗಳಿಗೆ ತುಂಬಿಸಬೇಕಾದ ಕಾಲಕ್ಕೆ ಬಂದಿದ್ದೇವೆ. ಇದೇ ಹೊಳೆಯಿಂದ ಆರು ಶತಮಾನಗಳ ಹಿಂದೆ ಒಂದು ರಾಜಧಾನಿಗೆ ನೀರು ಒಯ್ಯಬಹುದಾಗಿತ್ತೆಂದು ಹೇಳಿದರೆ ಇಂದಿನ ವಿದ್ಯಾರ್ಥಿ ನಂಬಲಾರ. ನಂಬಿಸುವುದಕ್ಕೆ ಕಲ್ಲೊಂದಿದೆ. ಒಬ್ಬ ಎಂಜಿನಿಯರನ ಹೆಸರನ್ನು ಅರಸನ ಹೆಸರಿನೊಡನೆ ಉಳಿಸಿಕೊಟ್ಟ ಕಲ್ಲು ಅದು. ಅಂಥವು ನಾಡಿನಲ್ಲಿ ಹೆಚ್ಚಿಲ್ಲ.

ನಮ್ಮ ಸೀಮೆಯ ಕಲ್ಲುಗಳಲ್ಲಿ ಅರಸರ ದಿಗ್ವಿಜಯಗಳಿಗಿಂತ ಇಂಥ ಸಂಗತಿಗಳೇ ಹೆಚ್ಚಾಗಿ ಕಾಣುತ್ತವೆಂಬುದು ನನ್ನ ಅನಿಸಿಕೆ. ಕೆರೆ ಕಟ್ಟಿಸಿದವನಿಗೆ ಬಿಟ್ಟ ಕೊಡಗೆಯ ಗದ್ದೆ, ತೂಬಿನ ದುರಸ್ತಿಗೆ ಗೊತ್ತುಮಾಡಿದ ಆದಾಯ, ತುರುಗಳನ್ನು ಬಿಡಿಸಿಕೊಂಡು ಬರಹೋಗಿ ಮಡಿದವನ ವೀರಗಲ್ಲು, ಗಂಡನೊಡನೆ ಬೆಂಕಿ ಹೊಕ್ಕವಳ ಮಾಸ್ತಿಕಲ್ಲು. ನಂದಿಯ ಭೋಗನಂದೀಶ್ವರ ದೇಗುಲದಂಥ ಪ್ರಸಿದ್ಧ ಸ್ಥಳದ ಇತಿಹಾಸವನ್ನು ಒಂಬತ್ತನೆಯ ಶತಮಾನದ ಆರಂಭಕ್ಕೆ, ನೊಳಂಬರ ಮತ್ತು ರಾಷ್ಟ್ರಕೂಟ ಮೂರನೆಯ ಗೋವಿಂದನ ಕಾಲಕ್ಕೆ, ಒಯ್ಯುವುದಕ್ಕೂ ಶಾಸನಗಳೇ ಆಧಾರ. ಬಾಣರು, ಗಂಗರು, ನೊಳಂಬರು, ಚೋಳರು ಈ ನೆಲಕ್ಕಾಗಿ ಕಾದಾಡಿದ್ದು ಪಠ್ಯಪುಸ್ತಕದಲ್ಲಿ ಒಂದು ಸಾಲು. ಊರ ಮುಂದಿನ ವೀರಗಲ್ಲಿನಲ್ಲಿ ಅದು ಸತ್ತವನ ಹೆಸರು.

ಶ್ರೀಮಠದ ಆಶ್ರಯದಲ್ಲಿ ನಡೆಯುವ ಶಾಲೆಯ ವಾಚಕರಿಗೆ ಇನ್ನೊಂದು ಶಾಸನವನ್ನು ನೆನಪಿಸದಿರಲಾರೆ, ಅದು ನಮ್ಮ ಜಿಲ್ಲೆಯದಲ್ಲದಿದ್ದರೂ. ರೈಸ್ ಅವರ ಏಳನೆಯ ಸಂಪುಟದಲ್ಲಿ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ಕುರಿತ ಕ್ರಿ.ಶ. 1162ರ ಶಾಸನವಿದೆ. ಕಾಳಾಮುಖ ಶೈವರ ಆ ಮಠದಲ್ಲಿ ವೇದಗಳು, ಹಲವು ವ್ಯಾಕರಣಗಳು, ದರ್ಶನಗಳು ಪಾಠವಾಗುತ್ತಿದ್ದುವು. ದೀನರಿಗೆ, ಕುಂಟರಿಗೆ, ಕುರುಡರಿಗೆ ಅನ್ನ ದೊರೆಯುತ್ತಿತ್ತು. ರೋಗಿಗಳಿಗೆ ಔಷಧ ಸಿಗುತ್ತಿತ್ತು. ಪರಮತದ ಸಂನ್ಯಾಸಿಗಳಿಗೂ ಅಲ್ಲಿ ಊಟವಿತ್ತು. ಅನ್ನ, ಅಕ್ಷರ, ಆರೋಗ್ಯಗಳು ಒಂದೇ ಸೂರಿನಡಿ ಇದ್ದುದಕ್ಕೆ ಇಷ್ಟು ಹಳೆಯ, ಇಷ್ಟು ಸ್ಪಷ್ಟವಾದ ಲಿಖಿತ ಸಾಕ್ಷಿಯನ್ನು ಅಚ್ಚಿನ ಪುಟಕ್ಕೆ ತಂದವರು ಪಾದ್ರಿಯೊಬ್ಬರ ಮಗ. ಅವರು ಅದನ್ನು ತೂಗಿ ನೋಡಿ ಬಿಡಲಿಲ್ಲ. ಇದ್ದುದನ್ನು ಇದ್ದಂತೆ ಕೊಟ್ಟರು.

ರೈಸ್ ಅವರ ಅತ್ಯಂತ ಪ್ರಸಿದ್ಧ ಶೋಧ 1892ರದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳು ಅವರಿಗೆ ದೊರೆತವು. ಮೌರ್ಯರ ಆಡಳಿತ ಕನ್ನಡ ನಾಡಿನವರೆಗೆ ಚಾಚಿತ್ತೆಂಬುದು ಇದರಿಂದ ಸಿದ್ಧವಾಯಿತು. ಈ ವಿಷಯವನ್ನು ಎಲ್ಲ ಪಾಠಪುಸ್ತಕಗಳೂ ಹೇಳುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಅವರ ನಿರ್ಣಯಗಳೆಲ್ಲವೂ ನಿಂತವೆಂದಲ್ಲ. ಗಂಗರ ತಾಮ್ರಪಟಗಳ ವಿಷಯದಲ್ಲಿ ಅವರಿಗೂ ಜೆ. ಎಫ್. ಫ್ಲೀಟ್ ಅವರಿಗೂ ನಡೆದ ವಾದ ವರ್ಷಗಟ್ಟಲೆ ಬೆಳೆಯಿತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಶಾಸನಗಳಲ್ಲಿ ಪಳಗಿದ ಫ್ಲೀಟರು, ಗಂಗರವೆನ್ನುವ ಆ ಪಟಗಳು ಬಹುಕಾಲದ ಅನಂತರ ಹುಟ್ಟಿಸಿದ ನಕಲಿಗಳೆಂದರು. ರೈಸ್ ಅವರು ಅವುಗಳನ್ನು ನಂಬಿ ಗಂಗರ ವಂಶಾವಳಿಯನ್ನು ಬಹಳ ಹಿಂದಕ್ಕೆ ಒಯ್ದಿದ್ದರು. ಒಟ್ಟಿನ ಮೇಲೆ ನೋಡಿದರೆ ಫ್ಲೀಟರ ಸಂದೇಹವೇ ಹೆಚ್ಚು ಬಲವಾದದ್ದು. ಹಲವು ಪಟಗಳು ಕೂಟಶಾಸನಗಳೆಂದು ವಿದ್ವಾಂಸರು ಒಪ್ಪಿದ್ದಾರೆ. ಆದರೆ ಪೂರ್ಣ ಜಯ ಅವರದೂ ಅಲ್ಲ. ನಮ್ಮ ನೆರೆಯ ಪೆನುಗೊಂಡೆಯಲ್ಲಿ ದೊರೆತ ಗಂಗ ಮಾಧವನ ತಾಮ್ರಪಟವು ನಿಜವಾದುದೆಂದು ಕೊನೆಗೆ ಫ್ಲೀಟರೇ ಒಪ್ಪಿಕೊಳ್ಳಬೇಕಾಯಿತು. ಶ್ರವಣಬೆಳಗೊಳದ ಭದ್ರಬಾಹು, ಚಂದ್ರಗುಪ್ತರ ಕಥೆಯ ವಿಷಯದಲ್ಲಿಯೂ ಇಬ್ಬರೂ ಎದುರುಬದುರು ನಿಂತರು. ಆ ಚರ್ಚೆ ಇಂದಿಗೂ ಮುಗಿದಿಲ್ಲ.

ಇಲ್ಲಿಯೇ ರೈಸ್ ಅವರ ನಿಜವಾದ ಹಿರಿಮೆಯಿದೆಯೆಂದು ನನಗೆ ತೋರುತ್ತದೆ. ಇತಿಹಾಸಕಾರರಾಗಿ ಅವರು ಎಡವಿದ್ದುಂಟು. ದಾಖಲೆಯ ಪಾಲಕರಾಗಿ ಎಡವಿದ್ದು ಕಡಿಮೆ. ತಮ್ಮ ಅಭಿಪ್ರಾಯಕ್ಕೆ ಒಗ್ಗುವ ಶಾಸನಗಳನ್ನು ಮಾತ್ರ ಆರಿಸಿ ಪ್ರಕಟಿಸಲಿಲ್ಲ. ಒಡೆದ ಕಲ್ಲಾಗಲಿ, ನಾಲ್ಕೇ ಸಾಲಿನ ವೀರಗಲ್ಲಾಗಲಿ, ಸಂಖ್ಯೆ ಕೊಟ್ಟು ಪೂರ್ಣಪಾಠವನ್ನು ಮುಂದಿಟ್ಟರು. ಅದರಿಂದಲೇ ಅವರನ್ನು ತಿದ್ದುವವರಿಗೂ ಬೇಕಾದ ಆಯುಧ ಅವರ ಗ್ರಂಥದಲ್ಲಿಯೇ ಸಿಕ್ಕಿತು. 1923ರಲ್ಲಿ ಶ್ರವಣಬೆಳಗೊಳದ ಸಂಪುಟವನ್ನು ಪರಿಷ್ಕರಿಸಿ ಹೊರತಂದವರು ರೈಸ್ ಅವರ ಕೈಕೆಳಗೆ ಕೆಲಸ ಕಲಿತು 1906ರಲ್ಲಿ ಅವರ ಸ್ಥಾನಕ್ಕೆ ಬಂದ ಆರ್. ನರಸಿಂಹಾಚಾರ್ಯರೇ. ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಇಡೀ ಮಾಲೆಯ ಪರಿಷ್ಕೃತ ಆವೃತ್ತಿಯನ್ನು ಆರಂಭಿಸಿತು. ಅವಸರದ ಓದುಗಳು, ತಪ್ಪಿದ ತೇದಿಗಳು ಅಲ್ಲಿ ಸರಿಹೋದವು. ಹೊಸ ಶಾಸನಗಳೂ ಸೇರಿದವು.

ಈ ದೊಡ್ಡ ಕೆಲಸವನ್ನು ಒಬ್ಬರೇ ಮಾಡಿದರೆಂದು ಹೇಳುವುದು ಅನ್ಯಾಯ. ಕಲ್ಲಿನ ಮುಂದೆ ಬಿಸಿಲಿನಲ್ಲಿ ಕುಳಿತು ಅಕ್ಷರಗಳನ್ನು ಎತ್ತಿಕೊಂಡವರು, ಸಂಸ್ಕೃತ, ಹಳಗನ್ನಡ, ತಮಿಳುಗಳನ್ನು ಬಿಡಿಸಿ ಹೇಳಿದವರು ನಮ್ಮ ಪಂಡಿತರು. ನರಸಿಂಹಾಚಾರ್ಯರಂಥವರ ಹೆಸರು ಬೆಳಕಿಗೆ ಬಂದಿತು. ಉಳಿದವರ ವಿದ್ವತ್ತು ಸಂಪುಟಗಳ ಒಳಗೇ ಕರಗಿಹೋಗಿದೆ. ತಾಳೆಗರಿಗಳ ವಿಷಯದಲ್ಲಿಯೂ ಹೀಗೆಯೇ. ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ರೈಸ್ ಅವರು ನಾಗವರ್ಮನ ಕರ್ಣಾಟಕ ಭಾಷಾಭೂಷಣವನ್ನು 1884ರಲ್ಲಿ, ಭಟ್ಟಾಕಳಂಕನ ಶಬ್ದಾನುಶಾಸನವನ್ನು 1890ರಲ್ಲಿ, ಪಂಪಭಾರತವನ್ನು 1898ರಲ್ಲಿ ಅಚ್ಚಿಗೆ ತಂದರು. ಕೆ. ಬಿ. ಪಾಠಕರು ಸಂಪಾದಿಸಿದ ಕವಿರಾಜಮಾರ್ಗ ಪ್ರಕಟವಾದದ್ದೂ ಅದೇ 1898ರಲ್ಲಿ, ಅದೇ ಮಾಲೆಯಲ್ಲಿ. ಬಸದಿಗಳ, ಮಠಗಳ, ಮನೆತನಗಳ ಕಟ್ಟುಗಳಲ್ಲಿ ಮಲಗಿದ್ದ ಪಂಪ ಅಚ್ಚಿನ ಪುಸ್ತಕವಾಗಿ ವಿದ್ಯಾರ್ಥಿಯ ಕೈಗೆ ಬಂದದ್ದು ಹೀಗೆ.

ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದ ಮೇಲೂ ಅವರು ಸುಮ್ಮನಿರಲಿಲ್ಲ. ತಮ್ಮ ಸಂಪುಟಗಳ ಸಾರವನ್ನೆಲ್ಲ ಕ್ರೋಡೀಕರಿಸಿ ‘ಮೈಸೂರ್ ಅಂಡ್ ಕೂರ್ಗ್ ಫ್ರಂ ದಿ ಇನ್‌ಸ್ಕ್ರಿಪ್ಷನ್ಸ್’ ಎಂಬ ಗ್ರಂಥವನ್ನು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. 1927ರ ಜುಲೈ 10ರಂದು, ತೊಂಬತ್ತು ತುಂಬಲು ಒಂದು ವಾರವಿರುವಾಗ, ಹ್ಯಾರೋ ಎಂಬಲ್ಲಿ ತೀರಿಕೊಂಡರು.

ಹತ್ತನೆಯ ಸಂಪುಟದಲ್ಲಿ ಪ್ರತಿ ಶಾಸನದ ತಲೆಬರಹದಲ್ಲಿಯೂ ಅದು ಇದ್ದ ಜಾಗವನ್ನು ಗುರುತಿಸಿದೆ: ಇಂಥ ಊರಿನ ಗುಡಿಯ ಮುಂದೆ, ಇಂಥ ಕೆರೆಯ ತೂಬಿನಲ್ಲಿ, ಇಂಥವರ ಹೊಲದಲ್ಲಿ. ಹೊಲದ ಒಡೆಯರು ಬದಲಾಗಿದ್ದಾರೆ. ಕೆಲವು ತೂಬುಗಳನ್ನು ಸಿಮೆಂಟಿನಲ್ಲಿ ಹೊಸದಾಗಿ ಕಟ್ಟಿದ್ದಾರೆ. ಹಳೆಯ ತೂಬಿನ ಕಲ್ಲುಗಳು ಏನಾದವೆಂದು ಕೇಳಿದರೆ ಊರಿನ ಹಿರಿಯರು ಮಾತ್ರ ಹೇಳಬಲ್ಲರು. ಗ್ರಾನೈಟಿನ ಬೆಲೆ ಏರಿದ ಮೇಲೆ ಬಂಡೆಗಳಿಗೂ ಉಳಿಗಾಲವಿಲ್ಲ. ಕೆಲವು ಕಲ್ಲುಗಳು ಮನೆಯ ಮೆಟ್ಟಿಲಾಗಿವೆ, ಕೆಲವು ಬಟ್ಟೆ ಒಗೆಯುವ ಹಾಸುಗಲ್ಲಾಗಿ ಅಕ್ಷರದ ಮುಖವನ್ನು ಕೆಳಗೆ ಮಾಡಿ ಮಲಗಿವೆ. ಸಂಪುಟವನ್ನು ಕೈಯಲ್ಲಿ ಹಿಡಿದು ಊರೂರಿಗೆ ಹೋಗಿ, ಸಂಖ್ಯೆಯ ಮುಂದೆ ‘ಇದೆ’, ‘ಸ್ಥಳ ಬದಲಾಗಿದೆ’, ‘ಇಲ್ಲ’ ಎಂದು ಬರೆದುಕೊಂಡು ಬರಲು ಹೈಸ್ಕೂಲಿನ ಒಂದು ತರಗತಿಗೆ ಬೇಸಗೆಯ ರಜೆಯ ಕೆಲವು ಭಾನುವಾರಗಳು ಸಾಕು. ಗೌರಿಬಿದನೂರಿನ 6ನೆಯ ಸಂಖ್ಯೆಯಿಂದ ಆರಂಭಿಸಬಹುದು.